ಬಂದ ಜೇಡಕ್ಕೆ ಉಣ್ಣುವ ಅವಸರವಿಲ್ಲ

ನಮ್ಮ ಕಡೆ ಮನೆಗೆ ಯಾರೇ ಬರಲಿ, ಕೈಕಾಲಿಗೆ ನೀರು ಕೊಟ್ಟ ಮೇಲೆ ಕೇಳುವ ಮೊದಲ ಮಾತು ಊಟದ್ದು. ಬಂದವರು ಒಲ್ಲೆ ಅಂದರೂ ಬಿಡುವುದಿಲ್ಲ, ಇನ್ನೊಂದು ರೊಟ್ಟಿ ತಾಟಿಗೆ ಬಿದ್ದೇ ಬೀಳುತ್ತದೆ. ಇದೇ ಅಕ್ಕರೆಯನ್ನು ಟರಾಂಟುಲಾ ಎಂಬ ದೊಡ್ಡ ಜೇಡದ ಮೇಲೆ ತೋರಿಸಲು ಹೋದಾಗ ತೊಂದರೆ ಶುರುವಾಗುತ್ತದೆ. ಮೀನು, ಲವ್‌ಬರ್ಡ್ಸ್ ಸಾಕಿ ಕೈ ಪಳಗಿದ ಹುಡುಗರಿಗೆ ಮೊಬೈಲಿನ ವಿಡಿಯೊ ನೋಡಿ ಟರಾಂಟುಲಾ ಸಾಕುವ ಆಸೆ ಹುಟ್ಟುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕೂಡ ಈ ಆಸೆಗೆ ದೂರದ ಊರುಗಳಲ್ಲ. ಸಾಕಲು ತಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸರ್, ತಂದು ನಾಕು ದಿನ ಆತು, ಏನೂ ತಿನ್ನವಲ್ದು. ಸಾಯ್ತದೇನ್ರಿ?’

ಹಸಿವಿನಿಂದಂತೂ ಸಾಯುವುದಿಲ್ಲ. ನೀರಿಲ್ಲದೆ ಸಾಯಬಹುದು, ಏಪ್ರಿಲ್ ಮಧ್ಯಾಹ್ನದ ಧಗೆಗೆ ಸಾಯಬಹುದು, ಔಷಧಿ ಹೊಡೆದ ಹೊಲದ ಮಿಡತೆ ತಿಂದು ಸಾಯಬಹುದು, ಎತ್ತರದಿಂದ ಬಿದ್ದು ಹೊಟ್ಟೆ ಒಡೆದು ಸಾಯಬಹುದು. ಊಟದ ಚಿಂತೆಯಲ್ಲಿ ಈ ನಾಲ್ಕನ್ನೂ ಮರೆಯುತ್ತೇವೆ ಎಂಬುದೇ ನನ್ನ ಕಳವಳ.

ಟರಾಂಟುಲಾದ ಮೈ ತೀರ ಮಿತಖರ್ಚಿನದು. ಬೆಕ್ಕು ಕೋಳಿಗಳಂತೆ ಮೈ ಬೆಚ್ಚಗಿಟ್ಟುಕೊಳ್ಳಲು ಅದು ಆಹಾರವನ್ನು ಉರಿಸಬೇಕಿಲ್ಲ; ಸುತ್ತಲಿನ ಗಾಳಿ ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಅಷ್ಟೇ ಬೆಚ್ಚಗೆ. ಬೇಟೆ ಹುಡುಕಿ ಅಲೆಯುವ ಚಟವೂ ಅದಕ್ಕಿಲ್ಲ. ಬಿಲದ ಬಾಯಲ್ಲೋ ಮರದ ಪೊಟರೆಯಲ್ಲೋ ಕೂತಿದ್ದು, ಹತ್ತಿರ ಸುಳಿದದ್ದನ್ನು ಹಿಡಿಯುತ್ತದೆ. ಏನೂ ಸುಳಿಯದಿದ್ದರೆ ಹಾಗೇ ಕೂತಿರುತ್ತದೆ. ಚಿಲಿ ದೇಶದ ರೋಸ್ ಹೇರ್ ಎಂಬ ಜಾತಿಯ ಬೆಳೆದ ಹೆಣ್ಣು ತಿಂಗಳುಗಟ್ಟಲೆ ಏನನ್ನೂ ಮುಟ್ಟದೆ ಇರುವುದು ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ. ಹೆಣ್ಣು ಟರಾಂಟುಲಾಗಳು 15–20 ವರ್ಷ ಬದುಕುವುದು ಸಾಮಾನ್ಯ. ಇವುಗಳ ದೂರದ ಬಳಗಕ್ಕೆ ಸೇರಿದ, ಬಿಲಕ್ಕೆ ಮುಚ್ಚಳ ಮಾಡಿಕೊಂಡು ಬಾಳುವ ಒಂದು ಹೆಣ್ಣು ಜೇಡವನ್ನು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಿಂದ ಗಮನಿಸುತ್ತ ಬಂದರು. ಅದಕ್ಕೆ ಕೊಟ್ಟಿದ್ದ ಸಂಖ್ಯೆ 16. ಒಂದೇ ಬಿಲದಲ್ಲಿ 43 ವರ್ಷ ಬಾಳಿ 2016ರಲ್ಲಿ ಅದು ಸತ್ತಿತು, ಅದೂ ಕಣಜವೊಂದರ ದಾಳಿಯಿಂದ. ಅಷ್ಟು ದೀರ್ಘ ಕಾಲ ಒಂದೇ ಕಡೆ ಕೂರಬಲ್ಲ ವಂಶದ ಜೀವಿಗೆ ನಾಲ್ಕು ದಿನದ ಉಪವಾಸ ಯಾವ ಲೆಕ್ಕ?

ಜೇಡ ಎಲ್ಲಿಂದ ಬಂತು ಎಂಬುದನ್ನು ಮೊದಲು ಕೇಳಬೇಕು. ಡಬ್ಬಿಯಲ್ಲೇ ಹುಟ್ಟಿ ಬೆಳೆದ ಮರಿ ಹೊಸ ಡಬ್ಬಿಗೆ ಬೇಗ ಒಗ್ಗುತ್ತದೆ. ಕಾಡಿನಲ್ಲಿ ತನ್ನದೇ ಬಿಲ ತೋಡಿಕೊಂಡಿದ್ದನ್ನು ಹಿಡಿದು ತಂದರೆ ಅದು ತಿಂಗಳುಗಟ್ಟಲೆ ಗೋಡೆ ಹತ್ತಿ ಇಳಿಯುತ್ತಲೇ ಇರುತ್ತದೆ. ಇಲ್ಲಿ ಕಾನೂನಿನ ಮಾತೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಳಿವಿನ ಭಯವಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ಈಗ ಈ ಕಾಯ್ದೆಯ 4ನೇ ಅನುಸೂಚಿಯಲ್ಲಿವೆ. ಅವುಗಳಲ್ಲಿ ಜೀವಂತ ಪ್ರಾಣಿ ಯಾರ ಬಳಿ ಇದ್ದರೂ, 2024ರ ನಿಯಮಗಳ ಪ್ರಕಾರ ಪರಿವೇಶ್ 2.0 ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಹೊಸಬರು ಹೆಚ್ಚು ಇಷ್ಟಪಡುವ ಮೆಕ್ಸಿಕೋದ ಕೆಂಪು ಮೊಣಕಾಲಿನ ಟರಾಂಟುಲಾ, ಮಧ್ಯ ಅಮೆರಿಕದ ಕರ್ಲಿ ಹೇರ್ ಎರಡೂ ಆ ಪಟ್ಟಿಯಲ್ಲಿವೆ. ಹೊರದೇಶದಿಂದ ನೇರವಾಗಿ ಅಂಚೆಯಲ್ಲಿ ತರಿಸುವುದಂತೂ ಸಲ್ಲ. 2021ರ ಜುಲೈನಲ್ಲಿ ಪೋಲೆಂಡ್‌ನಿಂದ ಚೆನ್ನೈಗೆ ಬಂದ ಒಂದು ಅಂಚೆ ಪಾರ್ಸಲ್ಲನ್ನು ಕಸ್ಟಮ್ಸ್ ಅಧಿಕಾರಿಗಳು ಬಿಚ್ಚಿದಾಗ, ಬೆಳ್ಳಿ ಹಾಳೆ ಮತ್ತು ಹತ್ತಿ ಸುತ್ತಿದ ಪುಟ್ಟ ಸೀಸೆಗಳಲ್ಲಿ 107 ಜೀವಂತ ಜೇಡಗಳಿದ್ದವು. ಹಾಗಾಗಿ ಮಾರುವವನ ಹತ್ತಿರ ಬಿಲ್ಲು, ಜೇಡದ ವೈಜ್ಞಾನಿಕ ಹೆಸರು, ಅದು ಸಾಕಣೆಯಲ್ಲೇ ಹುಟ್ಟಿದ್ದೆಂಬ ದಾಖಲೆ ಕೇಳಿ. ಕೊಡಲು ಹಿಂಜರಿದರೆ ಕೊಳ್ಳಬೇಡಿ.

ನಮ್ಮ ನೆಲದ ಟರಾಂಟುಲಾಗಳನ್ನು ಹಿಡಿದು ತರುವುದಂತೂ ಕೂಡದು. ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಆರ್. ಐ. ಪೋಕಾಕ್ 1899ರಲ್ಲಿ ಹೆಸರಿಟ್ಟ ತ್ರಿಗ್ಮೋಪಿಯಸ್ ಕುಲದ ಬಿಲದ ಜೇಡಗಳು ಹಾನಗಲ್ಲಿನ ಆಚೆಯ ಕಾಡುಸೀಮೆ, ಅಂದರೆ ಉತ್ತರ ಕನ್ನಡದ ಕಡೆಯವು. ಅದೇ ವರ್ಷ ಅವರೇ ಹೆಸರಿಸಿದ ನೀಲಿ ಮೈಯ ಪೊಯೆಸಿಲೊಥೇರಿಯಾ ಮೆಟಾಲಿಕಾ, ಬಳ್ಳಾರಿಯ ಆಚೆ ಸಿಗುವ ಗುತ್ತಿ ಊರಿನ ರೈಲ್ವೆ ಕಟ್ಟಿಗೆ ಅಂಗಳದಲ್ಲಿ ಸಿಕ್ಕಿತ್ತು. ಆಮೇಲೆ ಒಂದು ಶತಮಾನ ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನ ಒಂದು ಚಿಕ್ಕ ಭಾಗದಲ್ಲಿ ಮತ್ತೆ ಕಂಡಿತು. ಇವತ್ತು ಅದು ಅಳಿವಿನ ಕೊನೆಯ ಅಂಚಿನಲ್ಲಿದೆ. ಆದರೂ ಅದರ ಮರಿಗಳು ಯುರೋಪು, ಅಮೆರಿಕದ ಸಾಕಣೆದಾರರ ಕಪಾಟುಗಳಲ್ಲಿ ಬೆಳೆಯುತ್ತಿವೆ. ನಮ್ಮ ನಾಡಿನ ಜೀವಿ ಅಲ್ಲಿ ಸರಕಾಗಿರುವುದು ನನಗೆ ಬೇಸರ ತರುತ್ತದೆ. ಪೊಯೆಸಿಲೊಥೇರಿಯಾ ಕುಲದ ಎಲ್ಲ ಜಾತಿಗಳನ್ನೂ 2019ರಲ್ಲಿ ಸೈಟಿಸ್ ಪಟ್ಟಿಗೆ ಸೇರಿಸಲಾಗಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಒಳಗಿನಿಂದಂತೂ ಪರವಾನಗಿ ಇಲ್ಲದೆ ಯಾವ ಕಾಡುಜೀವಿಯನ್ನೂ ಒಯ್ಯುವಂತಿಲ್ಲ. ಮುಂಗಾರಿನ ಹೊತ್ತಿಗೆ ಹೊಲದ ಬದುವಿನಲ್ಲೋ ಹಿತ್ತಿಲಲ್ಲೋ ಉದ್ದ ಕಾಲಿನ ದೊಡ್ಡ ಜೇಡವೊಂದು ಕಂಡರೆ, ಅದು ಬಹುತೇಕ ಹೆಣ್ಣನ್ನು ಹುಡುಕಿ ಹೊರಟ ಗಂಡು. ಕೆಲವೇ ತಿಂಗಳು ಬದುಕುವ ಅದನ್ನು ಡಬ್ಬಿಗೆ ಹಾಕಿದರೆ ಊಟ ಮಾಡುವುದೂ ಇಲ್ಲ. ಅದರ ದಾರಿಗೆ ಅದನ್ನು ಬಿಟ್ಟುಬಿಡಿ.

ಇನ್ನು ದಾಖಲೆ ಸಮೇತ ಮನೆಗೆ ಬಂದ ಮರಿಯ ವಿಷಯ.

ಮರಿಗಳು ಸಾಮಾನ್ಯವಾಗಿ ಬೆರಳಿನಷ್ಟು ಸೀಸೆಯಲ್ಲಿ, ಒದ್ದೆ ಟಿಶ್ಯೂ ಕಾಗದದ ನಡುವೆ ಬರುತ್ತವೆ. ಎರಡು ಮೂರು ದಿನ ಬಸ್ಸು, ವ್ಯಾನು, ಗೋಡೌನು ಎಂದು ಅಲುಗಾಡಿ ಬಂದ ಜೀವ ಅದು. ಟರಾಂಟುಲಾಗೆ ಎಂಟು ಕಣ್ಣಿದ್ದರೂ ನೋಟ ಅಷ್ಟಕ್ಕಷ್ಟೇ. ಬೆಳಕು ನೆರಳು ತಿಳಿಯುತ್ತದೆ. ಅದು ಲೋಕವನ್ನು ತಿಳಿಯುವುದು ಕಾಲಿನ ಕೂದಲುಗಳಿಂದ, ನೆಲದ ನಡುಕದಿಂದ. ಮಿಡತೆ ಎರಡು ಹೆಜ್ಜೆ ಇಟ್ಟರೆ ಅದರ ತೂಕ, ದಿಕ್ಕು, ದೂರ ಎಲ್ಲವೂ ಆ ಕಾಲುಗಳಿಗೆ ಗೊತ್ತಾಗುತ್ತವೆ. ಅಂಥ ಕಾಲಿನ ಮೇಲೆ ನೂರಾರು ಕಿಲೋಮೀಟರ್ ಲಾರಿಯ ನಡುಕ ಬಿದ್ದಿರುತ್ತದೆ. ಅದಕ್ಕೆ ಬಂದ ತಕ್ಷಣ ಬೇಕಾದದ್ದು ಕತ್ತಲು, ಅಲುಗದ ಜಾಗ, ನೀರು.

ಸೀಸೆಯನ್ನು ಸಂಜೆ ತೆರೆಯಿರಿ, ಅದೂ ನೆಲದ ಮೇಲೆ ಕೂತು, ಅಗಲವಾದ ಪ್ಲಾಸ್ಟಿಕ್ ಟಬ್ಬಿನೊಳಗೆ. ಮೇಜಿನ ಮೇಲೆ ಬೇಡ. ಜಿಗಿದರೆ ಬೀಳುವ ಎತ್ತರ ಅದಕ್ಕೆ ಅಪಾಯ. ಹೊಟ್ಟೆಯ ಚರ್ಮ ಬಲೂನಿನಷ್ಟು ತೆಳು. ಟಿಶ್ಯೂವನ್ನು ಚಿಮಟದಿಂದ ನಿಧಾನ ಎಳೆಯಬೇಕು, ಪದರ ಪದರವಾಗಿ ಬಿಡಿಸಬೇಕು. ಒಂದು ಪದರದ ಒಳಗೆ ಕಡಲೆಬೇಳೆಯಷ್ಟು ಪ್ರಾಣಿ ಕಾಲು ಮಡಚಿ ಕೂತಿರುತ್ತದೆ, ಎಷ್ಟೋ ಸಲ ಕಾಗದದ ಸುಕ್ಕೆಂದೇ ತೋರುತ್ತದೆ. ಗಡಿಬಿಡಿಯಲ್ಲಿ ಟಿಶ್ಯೂವಿನ ಜೊತೆಗೇ ಕಸಕ್ಕೆ ಹೋಗಬಹುದಾದದ್ದು ಇದೇ ಕ್ಷಣದಲ್ಲಿ. ಅದರ ಹಿಂಗಾಲಿಗೆ ಮೆತ್ತನೆ ಕುಂಚದ ತುದಿ ತಾಗಿಸಿದರೆ ತಾನಾಗಿ ಮುಂದೆ ನಡೆದು ಹೊಸ ಡಬ್ಬಿಗೆ ಇಳಿಯುತ್ತದೆ. ಬೆರಳಿನಿಂದ ಹಿಡಿಯಬೇಡಿ, ಉಫ್ ಎಂದು ಊದಲೂಬೇಡಿ. ಉಸಿರು ತಾಗಿದರೆ ಮರಿ ಬೆದರಿ ಓಡುತ್ತದೆ.

ಡಬ್ಬಿ ದೊಡ್ಡದಿರಬೇಕೆಂಬುದು ತಪ್ಪು ಗ್ರಹಿಕೆ. ಚಿಕ್ಕ ಮರಿಗೆ ಉಪ್ಪಿನಕಾಯಿ ಡಬ್ಬಿಯಷ್ಟು ಜಾಗ ಸಾಕು. ದೊಡ್ಡ ಪೆಟ್ಟಿಗೆಯಲ್ಲಿ ಅದಕ್ಕೆ ಬೇಟೆಯೂ ಸಿಗದು, ನಿಮಗೆ ಅದೂ ಸಿಗದು. ಡಬ್ಬಿಯ ಪಕ್ಕಗಳಲ್ಲಿ ಕಾಯಿಸಿದ ಸೂಜಿಯಿಂದ ಗಾಳಿ ತೂತು ಮಾಡಿ, ತೂತು ಮರಿಯ ತಲೆಗಿಂತ ಸಣ್ಣದಿರಲಿ. ಒಳಗೆ ನರ್ಸರಿಯಲ್ಲಿ ಸಿಗುವ ಕೋಕೋಪಿಟ್ ತುಂಬಿ. ಎರಡು ಮೂರು ನೀರಲ್ಲಿ ತೊಳೆದು, ಹಿಂಡಿ, ಮುಷ್ಟಿಯಲ್ಲಿ ಒತ್ತಿದರೆ ನೀರು ಜಿನುಗದಷ್ಟು ಹಸಿ ಇರಬೇಕು. ನಮ್ಮ ಹೊಲದ ಎರೆಮಣ್ಣನ್ನು ತಂದು ಹಾಕುವ ಆಸೆ ಹಲವರಿಗೆ. ಎರೆಮಣ್ಣು ಒಣಗಿದಾಗ ಬಾಯಿ ಬಿಡುತ್ತದೆ. ಮರಿ ತೋಡಿದ ಸುರಂಗ ಆ ಬಿರುಕಿನ ಜೊತೆ ಕುಸಿಯುತ್ತದೆ. ಮೇಲಾಗಿ ಅದರಲ್ಲಿ ಹಳೆಯ ಬೆಳೆಗಳ ಗೊಬ್ಬರ, ಔಷಧಿಗಳ ಉಳಿಕೆ ಇರುತ್ತದೆ. ನೆಲದಲ್ಲಿ ಬಾಳುವ ಜಾತಿಯಾದರೆ ಮಣ್ಣಿನಿಂದ ಮುಚ್ಚಳದವರೆಗಿನ ಅಂತರ ಜೇಡದ ಕಾಲು ಚಾಚಿದ ಅಗಲದ ಒಂದೂವರೆ ಪಟ್ಟಿಗಿಂತ ಹೆಚ್ಚಿರಬಾರದು. ಬೆಳೆದ ಜೇಡಕ್ಕೆ ಅಡಗಲು ಅರ್ಧ ತೆಂಗಿನ ಕರಟ ಬೋರಲು ಹಾಕಿ, ಒಂದು ಅಂಚು ಮುರಿದು ಬಾಗಿಲು ಮಾಡಿ ಕೊಟ್ಟರೆ ಅಂಗಡಿಯ ಯಾವ ಗುಹೆಯೂ ಬೇಡ. ಮರಿಗೆ ಒಂದು ಕಡ್ಡಿಯಿಂದ ಗೋಡೆ ಪಕ್ಕ ಸಣ್ಣ ಗುಳಿ ಮಾಡಿಟ್ಟರೆ ಸಾಕು, ಉಳಿದದ್ದನ್ನು ಅದೇ ತೋಡಿಕೊಳ್ಳುತ್ತದೆ.

ನೀರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜೇಡದ ಕಾಲನ್ನು ಮಡಚಲು ಸ್ನಾಯುಗಳಿವೆ, ಚಾಚಲು ಮುಖ್ಯ ಕೀಲುಗಳಲ್ಲಿ ಸ್ನಾಯುವಿಲ್ಲ. ಮೈಯೊಳಗಿನ ದ್ರವದ ಒತ್ತಡದಿಂದಲೇ ಕಾಲು ಚಾಚಿಕೊಳ್ಳಬೇಕು. ನೀರು ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲುಗಳು ಒಂದೊಂದಾಗಿ ಹೊಟ್ಟೆಯ ಕೆಳಗೆ ಮುದುಡುತ್ತವೆ. ಊಟವಿಲ್ಲದ ಜೇಡ ತಿಂಗಳುಗಟ್ಟಲೆ ಇರುತ್ತದೆ, ನೀರಿಲ್ಲದ ಮರಿ ನಮ್ಮ ಬೇಸಿಗೆಯಲ್ಲಿ ಕೆಲ ದಿನವೂ ಇರದು. ಆದ್ದರಿಂದ ಸೀಸೆಯ ಮುಚ್ಚಳವೊಂದನ್ನು ಮಣ್ಣಿಗೆ ಅರ್ಧ ಹೂತು, ತುಂಬ ನೀರು ಬಿಡಿ. ಮುಳುಗಿ ಸಾಯುತ್ತದೆಂದು ಹೆದರಿ ಹತ್ತಿ, ಸ್ಪಾಂಜು ಇಡುವವರಿದ್ದಾರೆ. ಬೇಡ. ಕೊಳೆತು ನಾರುವುದು ಹತ್ತಿಯೇ. ತೀರ ಚಿಕ್ಕ ಮರಿಯಾದರೆ ಮುಚ್ಚಳವೂ ಬೇಡ, ಗೋಡೆಗೆ ಎರಡು ಹನಿ ನೀರು ಅಂಟಿಸಿ. ಮೊದಲ ರಾತ್ರಿಯೇ ಬಾಯಿ ಹನಿಗೆ ಹಚ್ಚಿ ಅಲುಗದೆ ಬಹಳ ಹೊತ್ತು ನಿಂತಿರುವುದು ಕಾಣಬಹುದು. ಅಲ್ಲಿಗೆ ಅರ್ಧ ಕೆಲಸ ಆದಂತೆ.

ಹಾವೇರಿ ಜಿಲ್ಲೆಯ ಹವೆ ಈ ಜೀವಿಗೆ ವರ್ಷದ ಬಹುಪಾಲು ಹಿತವಾಗಿಯೇ ಇರುತ್ತದೆ. 22ರಿಂದ 30 ಡಿಗ್ರಿಯಲ್ಲಿ ಟರಾಂಟುಲಾ ಸುಖವಾಗಿರುತ್ತದೆ, ಹೀಟರು ಗೀಟರು ಬೇಕಿಲ್ಲ. ಕಷ್ಟವೆಲ್ಲ ಮಾರ್ಚ್ ಕೊನೆಯಿಂದ ಮೇ ತನಕ. ಹೊರಗೆ 38 ಡಿಗ್ರಿ ಇದ್ದರೆ ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟ ಗಾಜಿನ ಪೆಟ್ಟಿಗೆ ಒಂದು ತಾಸಿನಲ್ಲಿ ಒಲೆಯಾಗುತ್ತದೆ. ಹಳೆಯ ಮಣ್ಣಿನ ಗೋಡೆಯ ಮನೆಯಿದ್ದವರು ಪುಣ್ಯವಂತರು, ಒಳಗಿನ ಕತ್ತಲೆ ಕೋಣೆಯ ನೆಲ ಅತ್ಯುತ್ತಮ ಜಾಗ. ಆರ್‌ಸಿಸಿ ಮನೆಯವರು ಮಹಡಿಯ ಕೋಣೆ ಬಿಟ್ಟು ಕೆಳಗಿನ ಕೋಣೆಯ ಉತ್ತರದ ಗೋಡೆಗೆ ಡಬ್ಬಿ ಇಡಿ. ಮಣ್ಣಿನ ಒಂದು ಮೂಲೆ ಸದಾ ಹಸಿಯಿರಲಿ, ಇನ್ನೊಂದು ಒಣಗಿರಲಿ. ಎಲ್ಲಿ ಕೂರಬೇಕೆಂದು ಅದೇ ಆರಿಸಿಕೊಳ್ಳುತ್ತದೆ. ಏರ್ ಕೂಲರ್ ಗಾಳಿ ನೇರ ಬೀಳಬಾರದು, ಅದು ಡಬ್ಬಿಯ ಹಸಿಯನ್ನು ಹೀರಿಬಿಡುತ್ತದೆ. ಮಳೆಗಾಲದ ಕಾಟ ಬೇರೆ, ಇರುವೆಯದು. ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡುವ ನಮ್ಮ ಮನೆಗಳ ಉಪಾಯವೇ ಇಲ್ಲೂ ನಡೆಯುತ್ತದೆ. ಲಕ್ಷ್ಮಣರೇಖೆಯ ಸೀಮೆಸುಣ್ಣ ಮಾತ್ರ ಹತ್ತಿರ ಎಳೆಯಬೇಡಿ. ಅದು ಕೀಟನಾಶಕ, ಜೇಡಕ್ಕೂ ವಿಷ.

ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರಾವಣ, ಜಿರಲೆ ಸ್ಪ್ರೇ ಎಲ್ಲದರಲ್ಲೂ ಪೈರೆಥ್ರಾಯ್ಡ್ ಬಳಗದ ವಿಷವೇ ಸಾಮಾನ್ಯ. ಜೇಡ ಇರುವ ಕೋಣೆಯಲ್ಲಿ ಇವು ಬೇಡ, ಸೊಳ್ಳೆ ಪರದೆ ಕಟ್ಟಿಕೊಳ್ಳಿ. ನಾಯಿಗೆ ಉಣ್ಣೆ ಔಷಧಿ ಹಚ್ಚಿದ ಕೈಯಿಂದ ಡಬ್ಬಿ ಮುಟ್ಟಬೇಡಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಇಳಿಸಿಟ್ಟ ಕೋಣೆ, ಕುಟ್ಟುವ ಗಿರಣಿಯ ಪಕ್ಕದ ಕೋಣೆ ಕೂಡ ಒಳ್ಳೆಯದಲ್ಲ. ಜೇಡ ಉಸಿರಾಡುವುದು ಹೊಟ್ಟೆಯ ಅಡಿಯಲ್ಲಿ, ಪುಸ್ತಕದ ಹಾಳೆಗಳಂತೆ ಜೋಡಿಸಿದ ತೆಳು ಪೊರೆಗಳಿಂದ. ಅಲ್ಲಿಗೆ ಸಣ್ಣ ಧೂಳು ಹೋಗದಂತೆ ನೋಡಿಕೊಳ್ಳುವುದು ಜಾಣತನ. ಗಣೇಶನ ಹಬ್ಬದ ಡಿಜೆ ಮನೆ ಮುಂದೆ ನಿಲ್ಲುವ ದಿನ ಡಬ್ಬಿಯನ್ನು ದಪ್ಪ ಹಾಸಿಗೆಯ ಮಡಿಕೆಯ ಮೇಲೆ ಹಿಂದಿನ ಕೋಣೆಯಲ್ಲಿಡಿ. ನಮ್ಮ ಎದೆಗೇ ತಾಗುವ ಆ ಗುಡುಗು ಅದರ ಪ್ರತಿ ಕೂದಲಿಗೂ ತಾಗುತ್ತದೆ.

ಇಷ್ಟಾದ ಮೇಲೆ ಒಂದು ವಾರ ಏನೂ ಮಾಡಬೇಡಿ. ನೀರು ನೋಡಿ, ಮುಚ್ಚಿ, ಹೋಗಿ. ಕೈಯಲ್ಲಿ ಹಿಡಿದು ಫೋಟೊ ತೆಗೆಯುವುದು, ಗೆಳೆಯರಿಗೆ ತೋರಿಸಲು ಕರಟ ಎತ್ತುವುದು, ಕಡ್ಡಿಯಿಂದ ಮುಟ್ಟಿ ಬದುಕಿದೆಯೋ ಎಂದು ನೋಡುವುದು, ಒಂದೊಂದು ಸಲಕ್ಕೂ ಒಗ್ಗುವ ಕೆಲಸ ಮತ್ತೆ ಮೊದಲಿಂದ ಶುರು. ನೋಡುವುದಕ್ಕೆ ತಡೆಯಿಲ್ಲ. ಎಂಟೂ ಕಾಲನ್ನು ತಲೆಯ ಮೇಲೆ ಮಡಚಿಕೊಂಡು ಮೂಲೆಗೆ ಒತ್ತಿ ಕೂತಿದ್ದರೆ ಇನ್ನೂ ಹೆದರಿಕೆಯಲ್ಲಿದೆ. ಗೋಡೆಗೇ ಅಂಟಿ ನೆಲಕ್ಕೆ ಇಳಿಯದಿದ್ದರೆ ಮಣ್ಣು ಹೆಚ್ಚು ಹಸಿಯಾಗಿರಬಹುದು, ಸ್ವಲ್ಪ ಒಣಗಲು ಬಿಡಿ. ಮಣ್ಣಿನ ಕಣಗಳನ್ನು ಬಾಯಲ್ಲಿ ಹೊತ್ತು ಹೊರಗೆ ಹಾಕುತ್ತಿದೆ, ಗುಳಿಯ ಬಾಯಿಗೆ ನೂಲು ಹಾಸುತ್ತಿದೆ ಎಂದರೆ ಮನೆ ಮಾಡಿಕೊಳ್ಳುತ್ತಿದೆ. ಕಾಲು ಸಡಿಲವಾಗಿ ಹರಡಿ ಬಿಲದ ಬಾಯಲ್ಲಿ ರಾತ್ರಿ ಕೂತಿದ್ದರೆ, ಈಗ ಬೇಟೆಗೆ ಕಾಯುತ್ತಿದೆ.

ಊಟ ಕೊಡಬೇಕಾದದ್ದು ಆಗ. ಬೇಟೆಯ ಗಾತ್ರ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ಒಂದೇ ಒಂದು, ಸಂಜೆಯ ಹೊತ್ತು. ತೀರ ಚಿಕ್ಕ ಮರಿಗೆ ಸತ್ತ ಹುಳದ ತುಂಡೂ ಆಗುತ್ತದೆ. ಬಿಲದ ಬಾಯಲ್ಲಿಟ್ಟರೆ ರಾತ್ರಿ ಬಂದು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಸಂಜೆಯೊಳಗೆ ಮುಟ್ಟದಿದ್ದರೆ ತೆಗೆದುಬಿಡಿ, ಮತ್ತೆ ಒಂದು ವಾರ ಬಿಟ್ಟು ಕೊಡಿ. ಜೀವಂತ ಹುಳವನ್ನು ಡಬ್ಬಿಯಲ್ಲಿ ದಿನಗಟ್ಟಲೆ ಬಿಟ್ಟರೆ ಅದು ಜೇಡದ ಮೇಲೆಯೇ ಓಡಾಡಿ ನಿದ್ದೆಗೆಡಿಸುತ್ತದೆ, ಕಚ್ಚಲೂಬಹುದು.

ಯಾವ ಹುಳ ಎಂಬುದು ನಮ್ಮ ಜಿಲ್ಲೆಯಲ್ಲಿ ಬಹಳ ಮುಖ್ಯವಾದ ಪ್ರಶ್ನೆ. ಸಂಜೆ ಹೊಲಕ್ಕೆ ಹೋದರೆ ಮಿಡತೆ ಪುಕ್ಕಟೆ ಸಿಗುತ್ತವೆ, ನಿಜ. ಆದರೆ ಇದು ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಸೀಮೆ. ರಾಣೆಬೆನ್ನೂರು ಸುತ್ತ ಹತ್ತಿ, ತರಕಾರಿಗಳ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳು. 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಗೋವಿನಜೋಳದಲ್ಲಿ ದೇಶಕ್ಕೇ ಮೊದಲ ಸಲ ಫಾಲ್ ಸೈನಿಕ ಹುಳು ಕಂಡಿತು. ಅಲ್ಲಿಂದ ಈಚೆಗೆ ಗೋವಿನಜೋಳಕ್ಕೂ ಎಮಾಮೆಕ್ಟಿನ್ ಬೆಂಜೊಯೇಟ್‌ನಂಥ ಔಷಧಿ ಹೊಡೆಯುವುದು ರೂಢಿಯಾಗಿದೆ. ಔಷಧಿ ಬಿದ್ದ ಎಲೆ ತಿಂದ ಮಿಡತೆ ತಕ್ಷಣ ಸಾಯದೆ ಇರಬಹುದು. ಮಂದವಾಗಿ, ಸುಲಭವಾಗಿ ಕೈಗೆ ಸಿಗುವ ಮಿಡತೆಯೇ ಹೆಚ್ಚು ಅನುಮಾನದ್ದು. ಅದನ್ನು ತಂದು ಹಾಕಿದರೆ ಎರಡು ದಿನದಲ್ಲಿ ಜೇಡ ನಡುಗುತ್ತ, ಕಾಲು ಎಳೆದಾಡುತ್ತ ತಿರುಗುತ್ತದೆ. ಆಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಅಡುಗೆಮನೆಯ ಜಿರಲೆಯೂ ಇದೇ ಕಾರಣಕ್ಕೆ ಬೇಡ, ಅದು ಯಾರ ಮನೆಯ ಸ್ಪ್ರೇ ಮೇಲೆ ನಡೆದು ಬಂದಿದೆಯೋ.

ನನಗೆ ಮೆಚ್ಚಿಕೆಯಾದ ದಾರಿ ಮೀಲ್‌ವರ್ಮ್ ಸಾಕುವುದು. ಹಕ್ಕಿ, ಮೀನು ಮಾರುವ ಅಂಗಡಿಗಳ ಮೂಲಕ ಇವು ಸಿಗುತ್ತವೆ. ಅಗಲ ಡಬ್ಬಿಯಲ್ಲಿ ಎರಡು ಬೆರಳಿನಷ್ಟು ಗೋಧಿ ತೌಡು ಹರಡಿ, ಹುಳ ಬಿಟ್ಟು, ತೇವಕ್ಕೆ ಒಂದು ಬಿಲ್ಲೆ ಗಜ್ಜರಿ ಇಡಿ. ಗಜ್ಜರಿ ಬಾಡಿದಾಗ ಬದಲಿಸಿ. ಹುಳ ಕೋಶವಾಗಿ, ಕರಿ ದುಂಬಿಯಾಗಿ, ತೌಡಿನಲ್ಲೇ ಮೊಟ್ಟೆಯಿಟ್ಟು ಸಂತತಿ ನಡೆಯುತ್ತದೆ. ಕೊಡುವಾಗ ಹುಳದ ತಲೆಯನ್ನು ಚಿಮಟದಿಂದ ಅದುಮಿ ಕೊಡಿ. ಇಲ್ಲವಾದರೆ ಮಣ್ಣಿನೊಳಗೆ ಹೊಕ್ಕು ಅಲ್ಲೇ ದುಂಬಿಯಾಗುತ್ತದೆ.

ಇನ್ನೊಂದು ದಾರಿ ನಮ್ಮ ರೇಷ್ಮೆ ಬೆಳೆಗಾರರ ಮನೆಯಲ್ಲಿದೆ. ಔಷಧಿ ಬಿದ್ದ ಹಿಪ್ಪುನೇರಳೆ ಸೊಪ್ಪು ತಿಂದರೆ ರೇಷ್ಮೆ ಹುಳ ಮೊದಲು ಸಾಯುತ್ತದೆ. ಹಾಗಾಗಿ ರೇಷ್ಮೆ ಸಾಕುವವರು ತೋಟಕ್ಕೆ ಔಷಧಿ ಹೊಡೆಯಲು ಎರಡು ಸಲ ಯೋಚಿಸುತ್ತಾರೆ, ಪಕ್ಕದ ಹೊಲದವರ ಔಷಧಿಯ ಗಾಳಿಗೂ ಹೆದರುತ್ತಾರೆ. ಚುರುಕಾಗಿ ಸೊಪ್ಪು ಕಡಿಯುತ್ತಿರುವ ರೇಷ್ಮೆ ಹುಳ ಎಂದರೆ ಅದು ತಿಂದ ಸೊಪ್ಪು ಶುದ್ಧ ಎಂಬ ಭರವಸೆ. ಮೆತ್ತಗಿದೆ, ಕಚ್ಚುವುದಿಲ್ಲ, ನೀರಿನ ಅಂಶ ಹೆಚ್ಚು, ಎರಡನೆಯ ಮೂರನೆಯ ಹಂತದ ಹುಳ ಮರಿ ಜೇಡಕ್ಕೆ ಸರಿಯಾದ ಗಾತ್ರ. ಗುರುತಿನ ರೈತರಲ್ಲಿ ಕೇಳಿದರೆ ಒಂದಿಷ್ಟು ಹುಳ ಕೊಡುವುದು ದೊಡ್ಡ ಮಾತಲ್ಲ. ಹುಳದ ಹಾಸಿಗೆಗೆ ಸುಣ್ಣವೋ ವಿಜೇತ ಎಂಬ ಸೋಂಕುನಿವಾರಕ ಪುಡಿಯೋ ಉದುರಿಸಿದ ದಿನ ಮಾತ್ರ ತರಬೇಡಿ, ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳವನ್ನೂ ರೋಗದ ಹುಳವನ್ನೂ ತರಬೇಡಿ.

ಎಲ್ಲ ಸರಿಯಿದ್ದೂ ತಿನ್ನದಿದ್ದರೆ? ಹೊಟ್ಟೆ ನೋಡಿ. ಬಾಡಿ ಸುಕ್ಕುಗಟ್ಟಿದ್ದರೆ ಮೊದಲು ನೀರು. ತುಂಬಿ, ಮಿರುಗಿ, ಬಿಗಿದು ನಿಂತಿದ್ದರೆ ಅದು ಪೊರೆ ಬಿಡುವ ಸಿದ್ಧತೆಯಲ್ಲಿದೆ. ಅಮೆರಿಕ ಖಂಡದ ಹಲವು ಜಾತಿಗಳಲ್ಲಿ ಹೊಟ್ಟೆಯ ಕೂದಲುದುರಿದ ಜಾಗವೊಂದಿರುತ್ತದೆ, ಹೊಸ ಕೂದಲು ಒಳಗೆ ಬೆಳೆದಂತೆ ಅದು ಕಪ್ಪಾಗುತ್ತದೆ. ಬಿಲದ ಬಾಯಿಗೆ ಮಣ್ಣು, ನೂಲು ಸೇರಿಸಿ ಬಾಗಿಲು ಹಾಕಿಕೊಂಡಿದ್ದರೆ ಅಗೆದು ನೋಡುವ ಮಾತೇ ಬೇಡ. ವಾರಗಳಾಗಲಿ, ತಿಂಗಳಾಗಲಿ, ಹೊರಗಿನ ಮಣ್ಣಿಗೆ ಆಗಾಗ ನೀರು ಚಿಮುಕಿಸಿ ಸುಮ್ಮನಿರಿ. ಬಯಲಲ್ಲೇ ಪೊರೆ ಬಿಡುವ ಜೇಡ ನೂಲಿನ ಚಾಪೆ ಹಾಸಿ ಅದರ ಮೇಲೆ ಅಂಗಾತ ಮಲಗುತ್ತದೆ. ಹೊಸಬರು ಸತ್ತೇಹೋಯಿತೆಂದು ಹೂಳಲು ಹೊರಡುವುದು ಈ ಹೊತ್ತಿನಲ್ಲಿ. ಸಾಯುವ ಜೇಡ ಅಂಗಾತ ಬೀಳುವುದು ಅಪರೂಪ. ಹೊಟ್ಟೆಯ ಮೇಲೇ ಕೂತು ಕಾಲು ಒಳಗೆ ಮುದುಡಿಕೊಳ್ಳುತ್ತದೆ. ಅಂಗಾತ ಮಲಗಿದ್ದನ್ನು ಮಗುಚಬೇಡಿ, ಮುಟ್ಟಬೇಡಿ, ನೀರು ಹೊಯ್ಯಬೇಡಿ. ಬೆನ್ನ ಚಿಪ್ಪು ಮುಚ್ಚಳದಂತೆ ಬಿಚ್ಚಿಕೊಂಡು, ಹಳೆಯ ಕೈಗವಸಿನಿಂದ ಬೆರಳು ಎಳೆದಂತೆ ಎಂಟು ಕಾಲೂ ಹೊರಬರುತ್ತವೆ. ಹೊಸ ಕೋರೆಹಲ್ಲು ಮೊದಲು ಹಾಲಿನಂತೆ ಬಿಳಿ, ಆಮೇಲೆ ಕೆಂಪು, ಕೊನೆಗೆ ಕಪ್ಪು. ಕಪ್ಪಾಗುವ ತನಕ ಊಟವಿಲ್ಲ. ಮೆತ್ತನೆ ಮೈಯ ಜೇಡವನ್ನು ಪುಟ್ಟ ಮಿಡತೆಯೂ ಕಚ್ಚಿ ಗಾಯ ಮಾಡಬಲ್ಲದು. ಮರಿಗೆ ಒಂದು ವಾರ, ಬೆಳೆದದ್ದಕ್ಕೆ ಎರಡು ವಾರ ಅಥವಾ ಇನ್ನೂ ಹೆಚ್ಚು ಬಿಡಿ.

ನಿಮ್ಮ ಕ್ಷೇಮದ ಮಾತೂ ಇರಲಿ. ಟರಾಂಟುಲಾ ಕಚ್ಚಿ ಮನುಷ್ಯ ಸತ್ತ ಖಚಿತ ದಾಖಲೆಯಿಲ್ಲ. ಆದರೆ ಭಾರತ, ಶ್ರೀಲಂಕಾಗಳ ಪೊಯೆಸಿಲೊಥೇರಿಯಾ ಕಚ್ಚಿದರೆ ತೀವ್ರ ನೋವು, ದಿನಗಟ್ಟಲೆ ಕಾಡುವ ಸ್ನಾಯು ಸೆಳೆತ ಬರುತ್ತದೆ. ಗಾಯ ಸೋಪಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಅಮೆರಿಕ ಖಂಡದ ಬಹುತೇಕ ಜಾತಿಗಳು ಹಿಂಗಾಲಿನಿಂದ ಹೊಟ್ಟೆಯ ಕೂದಲನ್ನು ಕೆರೆದು ಹಾರಿಸುತ್ತವೆ. ಚರ್ಮಕ್ಕೆ ಬಿದ್ದರೆ ತುರಿಕೆ. ಕಣ್ಣಿಗೆ ಬಿದ್ದರೆ ಉಜ್ಜದೆ ನೀರಲ್ಲಿ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಡಬ್ಬಿಯ ಮೇಲೆ ಮುಖ ಬಗ್ಗಿಸುವುದನ್ನು ಮನೆಯ ಮಕ್ಕಳಿಗೆ ಮೊದಲೇ ಬಿಡಿಸಬೇಕು. ಸಾಕಲು ಆಗದಿದ್ದರೆ ಹೊಲಕ್ಕೋ ಕೆರೆ ದಂಡೆಗೋ ಬಿಡಬೇಡಿ. ಹೊರದೇಶದ ಜೇಡಕ್ಕೆ ಇಲ್ಲಿ ಜಾಗವಿಲ್ಲ, ಇಲ್ಲಿನ ಜೇಡಗಳಿಗೆ ಅದರಿಂದ ಕೇಡು. ನೋಂದಾಯಿಸಿದ ಇನ್ನೊಬ್ಬ ಸಾಕಣೆದಾರರಿಗೆ ದಾಖಲೆ ಸಮೇತ ಒಪ್ಪಿಸಿ, ದಾರಿ ತೋಚದಿದ್ದರೆ ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ.

ಮೊದಲ ಊಟ ಮುಗಿಸಿದ ಜೇಡ ಹುಳದ ರಸವನ್ನಷ್ಟೇ ಹೀರಿ, ಉಳಿದ ಸಿಪ್ಪೆಯನ್ನು ಉಂಡೆ ಕಟ್ಟಿ ಮೂಲೆಯಲ್ಲೋ ನೀರಿನ ಮುಚ್ಚಳದಲ್ಲೋ ಬಿಸಾಡುತ್ತದೆ. ಅದನ್ನು ಮರುದಿನ ಚಿಮಟದಿಂದ ತೆಗೆಯಿರಿ, ಬಿಟ್ಟರೆ ಬೂಸಲು ಬರುತ್ತದೆ, ನುಸಿ ಬೀಳುತ್ತದೆ. ತಾರೀಖು ಬರೆದಿಡಿ: ಯಾವಾಗ ತಿಂತು, ಯಾವಾಗ ಒಲ್ಲೆ ಅಂತು, ಯಾವಾಗ ಪೊರೆ ಬಿಟ್ಟಿತು. ಮರಿಗೆ ವಾರಕ್ಕೆ ಎರಡು ಸಲ, ಬೆಳೆದದ್ದಕ್ಕೆ ಹತ್ತು ಹದಿನೈದು ದಿನಕ್ಕೊಂದು ಸಲ ಕೊಟ್ಟರೆ ಧಾರಾಳ. ಒಂದು ವರ್ಷದ ಬರಹ ಕೈಯಲ್ಲಿದ್ದರೆ ಮುಂದಿನ ಬೇಸಿಗೆಯಲ್ಲಿ ಅದು ಮತ್ತೆ ಊಟ ಬಿಟ್ಟಾಗ ಪುಟ ತಿರುಗಿಸಿ ನೋಡಬಹುದು, ಹೋದ ಸಲವೂ ಪೊರೆಗೆ ಮುಂಚೆ ಹೀಗೇ ಬಿಟ್ಟಿತ್ತು ಎಂದು.